ಅಕ್ಕನ ಬಳಗಕ್ಕೆ ಹೋದ ವೈನರಿ

ಬೆಳುಂಕಿಯಿಂದ ಜತ್ತಕ್ಕೆ ಹೊರಟ ಎಸ್‌ಟಿ ಬಸ್ಸು ತಗ್ಗೊಂದರಲ್ಲಿ ಇಳಿದು ಎದ್ದಿತು. ಅಷ್ಟೇ. ಆ ಜಿಗಿತಕ್ಕೆ ಗುರುಸಿದ್ದನ ಹೆಬ್ಬೆರಳು ಮೊಬೈಲಿನ ಮೇಲೆ ಬೀಳಬೇಕಾದ ಜಾಗ ಬಿಟ್ಟು ಕೆಳಗೆ ಬಿತ್ತು.

ಗುರುಸಿದ್ದ ದ್ರಾಕ್ಷಿ ಬೆಳೆಗಾರ. ಹುಟ್ಟಿದಾಗಿನಿಂದ ಚಹಾಕ್ಕಿಂತ ಖಡಕ್ಕಾದದ್ದನ್ನು ಕುಡಿದವನಲ್ಲ. ಆದರೂ ನಾಶಿಕದ ಕಡೆ ಹೋಗಿ ದ್ರಾಕ್ಷಿ ವೈನ್ ಆಗುವ ಜಾಗ ನೋಡಬೇಕೆಂದು ಅವನಿಗೂ ಅವನ ಗೆಳೆಯರಿಗೂ ಬಹಳ ದಿನದ ಆಸೆ. ಯಾವ ವೈನರಿ ಎಂದು ಆರಿಸುವ ಕೆಲಸ ಗುರುಸಿದ್ದನದು. ಮೊಬೈಲು ತಿಕ್ಕಿ ತಿಕ್ಕಿ ಮೂರನ್ನು ಆರಿಸಿದ್ದ. ಒಂದು ಕೆರೆಯ ದಂಡೆಯದು. ಒಂದು ಗುಡ್ಡದ ನೆತ್ತಿಯದು. ಇನ್ನೊಂದರಲ್ಲಿ ನೆಲದಡಿ ಕಲ್ಲಿನ ಕೋಣೆ, ಅಲ್ಲಿ ಮದುವೆ ಪಂಕ್ತಿಗೆ ಕೂತ ಬೀಗರ ಹಾಗೆ ಸಾಲಾಗಿ ಹೊಟ್ಟೆ ಬಿಟ್ಟುಕೊಂಡ ಕಟ್ಟಿಗೆಯ ಪೀಪಾಯಿಗಳು. ಮೂರರ ಫೋಟೋ ಹಾಕಿ, ಗೆಳೆಯರ ಮುಂದೆ ಗಂಡಸುತನಕ್ಕೆ ಕಡಿಮೆಯಾಗಬಾರದೆಂದು ತನ್ನ ದನಿಯನ್ನೂ ಸೇರಿಸಿದ್ದ:

"ಮೂರೂ ಒಂದಕ್ಕಿಂತ ಒಂದು ಚಲೋ ಅದಾವ. ಎಲ್ಲಿ ಕುಡಿಯೂದು, ಲಗೂನ ಹೇಳ್ರಿ. ಮನ್ಯಾಗ ಶಿರ್ಡಿಗಿ ಹೊಂಟೀವಂತ ಹೇಳೀನಿ!"

ಗೆಳೆಯರ ಗುಂಪಿಗೆ ಹೋಗಬೇಕಾದ ಅದು ಹೋದದ್ದು ಅಕ್ಕನ ಬಳಗಕ್ಕೆ. ಹೆಂಡತಿ ವಿದ್ಯಾವತಿಯೂ ಊರ ಹೆಣ್ಣುಮಕ್ಕಳೂ ಸೋಮವಾರಕ್ಕೊಮ್ಮೆ ಕೂಡಿ ವಚನ ಹಾಡುವ ಬಳಗ. ಅವರಿಗೆ ವಾಟ್ಸಾಪ್ ಗುಂಪು ಮಾಡಿಕೊಟ್ಟವನು ಇವನೇ, ಹಾಗಾಗಿ ಅದರೊಳಗೆ ಇವನೂ ಇದ್ದ.

ಗಡಬಡಿಸಿ ಅಳಿಸಲು ಹೋದ. ಎಲ್ಲರಿಂದ ಅಳಿಸಲೋ, ನಿನ್ನೊಬ್ಬನಿಂದಲೋ ಎಂದು ಮೊಬೈಲು ಕೇಳಿತು. ಅಷ್ಟರಲ್ಲಿ ಬಸ್ಸು ಎರಡನೆಯ ತಗ್ಗಿಗೆ ಇಳಿಯಿತು. ಈಗ ಆ ಫೋಟೋಗಳು ಊರಿನ ಹೆಂಗಸರಿಗೆಲ್ಲ ಕಾಣುತ್ತಿದ್ದವು, ಗುರುಸಿದ್ದನೊಬ್ಬನಿಗೆ ಕಾಣುತ್ತಿರಲಿಲ್ಲ.

ಜತ್ತದಲ್ಲಿ ಇಳಿದವನೇ, ನಾಳೆಯ ಪಯಣಕ್ಕೆ ಹೇಳಿಟ್ಟಿದ್ದ ಬಾಡಿಗೆ ಗಾಡಿಯ ಬಾಬಾಲಾಲನ ಅಂಗಡಿಗೆ ಓಡಿದ.

"ಬಾರಪಾ ಗುರಸಿದ್ದಣ್ಣಾ, ಈಗರ ನಿನ್ನ ದನಿ ಕೇಳಿದ್ನಿ. ನಿಮ್ಮೂರ ಗಿರಾಕಿ ಮೊಬೈಲಿನ್ಯಾಗ."

"ಇಷ್ಟ ಲಗೂನ ಇಲ್ಲೀಮಟ ಬಂತಾ?"

"ಸುದ್ದಿಗೇನು ತಗ್ಗು ತಾಗ್ತಾವೇನು?"

"ಗಾಡಿ ರದ್ದ ಮಾಡಪಾ, ನಿನ್ನ ಕಾಲ ಬೀಳ್ತೀನಿ."

"ಸಣ್ಣ ಗಾಡಿ ಇಲ್ಲಂತ ದೊಡ್ಡದ ತಗದಿಟ್ಟೀನಿ. ನಾಳೆ ಮುಂಜಾನಿ ನಿನ್ನ ಬಾಗಲಕ ಬರ್ತೈತಿ. ರದ್ದಗಿದ್ದ ಆಗೂದಿಲ್ಲ."

ಅಷ್ಟರಲ್ಲಿ ಗೆಳೆಯ ಬೀರದೇವನ ಫೋನು: "ನಮ್ಮಾಕಿ ರೊಟ್ಟಿ ಬಡಿಯೂದ ಬಿಟ್ಟು ನನ್ನ ಬಡಿಯಾಕ ನಿಂತಿದ್ಳು. ಎಲ್ಲಾ ಗುರಸಿದ್ದನ ಹಂಚಿಕಿ, ನಮಗೇನೂ ಗೊತ್ತಿಲ್ಲಂತ ಹೇಳಿ ನಾವೆಲ್ಲಾ ಪಾರಾದ್ವಿ. ತಪ್ಪ ತಿಳೀಬ್ಯಾಡ."

ಮನೆ ಮುಟ್ಟಿದರೆ ಪಡಸಾಲೆ ತುಂಬ ಬಳಗ. ನಡುವೆ ಎಲ್ಲರಿಗಿಂತ ಹಿರಿಯಳಾದ ದುಂಡವ್ವ, ಮೊಬೈಲನ್ನು ಸತ್ತ ಇಲಿಯ ಬಾಲ ಹಿಡಿದಂತೆ ಎರಡೇ ಬೆರಳಲ್ಲಿ ಹಿಡಿದಿದ್ದಳು.

"ಲಿಂಗ ಕಟ್ಟಿದ ಕೊಳ್ಳಾಗ ಹೆಂಡ ಇಳಸ್ತೀಯೇನೋ, ಮೂಳಾ?"

"ಹೆಂಡ ಅಲ್ಲ ಆಯಿ, ವೈನು. ನಾ ಬರೇ ಗುಡ್ಡಾ, ಕೆರಿ ನೋಡಾಕ..."

"ಎಲ್ಲಿ ಕುಡಿಯೂದು ಅಂದಾಂವ ಯಾರು ಹಂಗಾರ? ಇನ್ನೊಮ್ಮಿ ಹಚ್ಚವಾ ವಿದ್ಯಾ!"

ಗುರುಸಿದ್ದನ ಗಂಡಸುತನ ಪಡಸಾಲೆಯಲ್ಲಿ ಮತ್ತೊಮ್ಮೆ ಮೊಳಗಿತು. ವಿದ್ಯಾವತಿಯ ಪಕ್ಕದಲ್ಲಿ ಕಟ್ಟಿದ ಚೀಲವಿತ್ತು. "ಶಿರ್ಡಿಗಂತ ನಾ ಉಪಾಸಿದ್ದು ಚಕ್ಕಲಿ ಕರದೀನ್ರಿ. ಇನ್ನ ನಾ ಉಟಗಿಗಿ ಹೋಗಿ ನಮ್ಮವ್ವನ ಮನ್ಯಾಗ ಇರ್ತೀನಿ."

ಗುರುಸಿದ್ದ ಎದೆಯ ಮೇಲಿನ ಲಿಂಗ ಮುಟ್ಟಿ ಆಣೆ ಮಾಡಿಬಿಟ್ಟ: "ಈ ಜನ್ಮದಾಗ ವೈನರಿ ಹೊಸ್ತಿಲಾ ತುಳಿಯೂದಿಲ್ಲ. ಅದರ ದಾರಿನೂ ಹಿಡಿಯೂದಿಲ್ಲ!"

ವಿದ್ಯಾವತಿ ಚೀಲ ಬಿಚ್ಚಿದಳು. ಅವನು ಬದುಕಿದೆನೆಂದು ತೋಟಕ್ಕೆ ಹೋದ.

ಹೊತ್ತು ಮುಳುಗುವಾಗ ತಿರುಗಿ ಬಂದರೆ ಪಡಸಾಲೆಯಲ್ಲಿ ಅದೇ ಬಳಗ, ಈಗ ಬರೀ ನಗು. ಎಲ್ಲರ ತಲೆಯೂ ಒಂದೇ ಮೊಬೈಲಿನ ಮೇಲೆ.

"ಕೆರಿ ದಂಡಿದು ಬ್ಯಾಡ್ರೆ, ಗುಂಗಾಡ ಕಡೀತಾವ," ಎನ್ನುತ್ತಿದ್ದಳು ದುಂಡವ್ವ. "ಮೊದಲ ಗುಡ್ಡದ ಮ್ಯಾಲಿಂದು ನೋಡೂಣು."

ಗುರುಸಿದ್ದ ಬಾಗಿಲಲ್ಲೇ ಗೂಟದಂತೆ ನಿಂತ.

"ಗಾಡಿ ರದ್ದ ಆಗೂದಿಲ್ಲಂತ್ರಿ," ಎಂದಳು ವಿದ್ಯಾವತಿ. "ಸುಮ್ನ ಯಾಕ ತಿರಗಿ ಕಳಸೂದು? ಬಳಗದವ್ರೆಲ್ಲಾ ಹೋಗಿ ಬರ್ತೀವಿ. ಭಾಳ ಚಲೋ ಆರಿಸೀರಿ ಬಿಡ್ರಿ."

"ಆಯಿ! ಲಿಂಗ ಕಟ್ಟಿದ ಕೊಳ್ಳು..."

"ನಾವೇನು ಕುಡಿಯಾಕ ಹೊಂಟೀವೇನೋ? ಬಳ್ಳಿ ಚಿವುಟಿ ಚಿವುಟಿ ನಮ್ಮ ಉಗುರ ಸವದಾವ. ಆ ಹಣ್ಣು ಹೋಗಿ ಏನಾಗ್ತೈತಿ ಅಂತ ನಾವೂ ನೋಡಬ್ಯಾಡೇನು?" ದುಂಡವ್ವ ತುಸು ತಡೆದಳು. "ನೋಡಿದ ಮ್ಯಾಲ, ಮುಂದಿಂದು ಮುಂದ."

"ಹಂಗಾರ ನಾನೂ ಬರ್ತೀನಿ. ಡ್ರೈವರ ಬಾಜೂಕ ಕುಂದರ್ತೀನಿ. ಆಣಿ ಐತಿ, ಕೆಳಗ ಇಳಿಯೂದಿಲ್ಲ."

"ದಾರಿನೂ ಹಿಡಿಯೂದಿಲ್ಲ ಅಂದೀಯಲ್ಲೋ. ಮಾತು ಮುರದ್ರ ಪಾಪ ಬರ್ತೈತಿ."

ವಿದ್ಯಾವತಿ ಹಾಲು ಹಿಂಡುವ ಚರಿಗೆಯನ್ನು ಗುರುಸಿದ್ದನ ಕೈಗಿಟ್ಟಳು.

"ಎಮ್ಮಿ ನನ್ನ ಬಿಟ್ಟು ಯಾರಿಗೂ ಹಿಂಡಗೊಡೂದಿಲ್ಲ, ಒದೀತೈತಿ. ನನ್ನ ಹಳೇ ಸೀರಿ ಗೂಟಕ್ಕ ಹಾಕೀನಿ. ಮುಂಜಾನಿ ಎದ್ದು ಅದನ್ನ ಉಟ್ಕೊಂಡ ಹೋಗ್ರಿ."