ಹುಟ್ಟಾ ಮೌನಿಯ ನಲವತ್ತು ಹಾಳೆ

ನಾನು ಸುಲಭಕ್ಕೆ ಬೆರಗಾಗುವವನಲ್ಲ. ಮೈಸೂರಿನ ಕೋರ್ಟಿನ ಮುಂದೆ ಮರದಡಿ ಟೈಪ್‌ರೈಟರ್ ಇಟ್ಟುಕೊಂಡು ಕೂತವನಿಗೆ ಗಂಡಹೆಂಡಿರ ಜಗಳ ಬೆಳಗಿನ ಉಪ್ಪಿಟ್ಟಿನಷ್ಟೇ ಮಾಮೂಲು. ನಾನು ಟೈಪ್ ಮಾಡಿದ ವಿಚ್ಛೇದನದ ಅರ್ಜಿಗಳಲ್ಲಿ ಹಾಲು ಉಕ್ಕಿಸಿದ್ದರಿಂದ ಹಿಡಿದು ಅತ್ತೆಯ ಗೊರಕೆಯವರೆಗೆ ಎಲ್ಲವೂ ಬಂದುಹೋಗಿವೆ. ಆದರೂ ಒಂಟಿಕೊಪ್ಪಲಿನ ಸುನಂದಮ್ಮ ತಂದ ಫೈಲಿನ ಮುಂದೆ ನಾನು ಬಾಯಿ ಬಿಟ್ಟುಕೊಂಡು ಕೂತೆ.

ಗಲ್ಲಿಗೊಂದು ಸೈಬರ್ ಸೆಂಟರ್ ತಲೆಯೆತ್ತುತ್ತಿದ್ದ ಕಾಲ ಅದು. ಆಕೆಯ ಯಜಮಾನರು ಸರ್ಕಾರಿ ಗುಮಾಸ್ತರು. ಮನೆಯಲ್ಲಿ ವರ್ಷಗಳಿಂದ ಮಾತಿಲ್ಲ, ಕತೆಯಿಲ್ಲ. ಹೆಂಡತಿ ಜ್ವರ ಬಂದು ಮಲಗಿದರೂ ‘ಹೇಗಿದ್ದೀಯ’ ಎಂದವರಲ್ಲ. ಇದು ಕ್ರೌರ್ಯ, ಬಿಡುಗಡೆ ಕೊಡಿಸಿ ಎಂದು ಆಕೆ ಕೋರ್ಟಿಗೆ ಬಂದರೆ, ಅವರು ಕೈಮುಗಿದು, “ನಾನು ಹುಟ್ಟಾ ಮೌನಿ ಸ್ವಾಮಿ, ನನ್ನ ಸ್ವಭಾವವೇ ಹಂಗೆ” ಎಂದುಬಿಟ್ಟರು. ಕೇಳಿದವರಿಗೆಲ್ಲ ಅಯ್ಯೋ ಪಾಪ ಅನ್ನಿಸಿತು. ಕೇಸು ಬಿದ್ದುಹೋಗುವುದರಲ್ಲಿತ್ತು.

ಅಷ್ಟರಲ್ಲಿ ಮನೆಯ ಬೀರುವಿನ ಮೇಲೆ ಸುನಂದಮ್ಮನ ಕೈಗೆ ಈ ಫೈಲು ಸಿಕ್ಕಿತು. ಮಹಾನುಭಾವರು ಸೈಬರ್ ಸೆಂಟರಿನಲ್ಲಿ ಕೂತು, ಮುಖವನ್ನೇ ನೋಡದ ಒಬ್ಬಳ ಜೊತೆ ಮಾಡಿದ ಚಾಟನ್ನೆಲ್ಲ ಪ್ರಿಂಟ್ ತೆಗೆಸಿ, ತೂತು ಹೊಡೆದು, ಟ್ಯಾಗ್ ಪೋಣಿಸಿ, ಪುಟಸಂಖ್ಯೆ ಹಾಕಿ, ಅವಳ ಸಾಲಿಗೆ ‘ಒಳಬಂದದ್ದು’, ತಮ್ಮ ಸಾಲಿಗೆ ‘ಹೊರಹೋದದ್ದು’ ಎಂದು ಕೆಂಪು ಶಾಯಿಯಲ್ಲಿ ಗುರುತು ಮಾಡಿದ್ದರು! ಪ್ರೀತಿಯಲ್ಲೂ ಕಚೇರಿಯ ಶಿಸ್ತು ತಪ್ಪಿರಲಿಲ್ಲ. ಇಂಗ್ಲಿಷ್ ಅಕ್ಷರದಲ್ಲಿದ್ದ ಆ ಕನ್ನಡವನ್ನು ಕೋರ್ಟಿಗಾಗಿ ಕನ್ನಡ ಲಿಪಿಯಲ್ಲಿ ಟೈಪ್ ಮಾಡುವ ಕೆಲಸ ನನ್ನ ಪಾಲಿಗೆ ಬಂತು.

ನಲವತ್ತು ಹಾಳೆ! ‘ಊಟ ಆಯ್ತಾ ಚಿನ್ನ?’ ‘ತಲೆನೋವು ಹೋಯ್ತಾ?’ ‘ಬಿಸಿನೀರು ಕುಡಿ.’ ಏನು ಅಕ್ಕರೆ, ಏನು ಓಘ! ಮೌನಿಯೊಬ್ಬನ ಹೊಟ್ಟೆಯಲ್ಲಿ ಇಷ್ಟೊಂದು ಮಾತು ಎಲ್ಲಿತ್ತಪ್ಪಾ ಎಂದು ಬೆರಗಾದೆ. ಪಕ್ಕದಲ್ಲಿ ಕೂತು ತಾಳೆ ನೋಡುತ್ತಿದ್ದ ಸುನಂದಮ್ಮ ಒಂದು ಪುಟದ ಮೇಲಿದ್ದ ತಾರೀಕಿಗೆ ಬೆರಳಿಟ್ಟರು. “ಅವತ್ತೇ ಕಣ್ರೀ ನಂಗೆ ಜ್ವರ ಬಂದಿದ್ದು. ಅವಳ ತಲೆನೋವು ವಿಚಾರಿಸ್ಕೊಂಡವ್ರೆ ನೋಡಿ” ಎಂದರು ಮೆಲ್ಲಗೆ. ನನ್ನ ಬೆರಳು ಮುಂದಕ್ಕೆ ಓಡಲಿಲ್ಲ. ನಿಜಕ್ಕೂ ಸಂಕಟವಾಯಿತು.

ನ್ಯಾಯಾಧೀಶರು ಪುಟ ತಿರುವಿ, “ಇದೇನ್ರೀ ನಿಮ್ಮ ಮೌನ?” ಎಂದು ಕೇಳಿದರು. ಅಷ್ಟೇ. ಯಜಮಾನರು ತಲೆ ತಗ್ಗಿಸಿ, ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಸಹಿ ಹಾಕಿದರು. ಸುನಂದಮ್ಮನಿಗೆ ಬಿಡುಗಡೆ ಸಿಕ್ಕಿತು.

ನನ್ನ ಬಳಿ ಉಳಿದಿದ್ದ ಕಾರ್ಬನ್ ಪ್ರತಿ ಯಾರ ಕಣ್ಣಿಗೂ ಬೀಳದಿರಲಿ, ನೀರೊಲೆಗೆ ಹಾಕೋಣ ಎಂದು ಅದನ್ನು ಚೀಲದಲ್ಲಿಟ್ಟುಕೊಂಡು ಮನೆಗೆ ಹೊರಟೆ. ದಾರಿಯುದ್ದಕ್ಕೂ ಒಂದೇ ಯೋಚನೆ: ನಾನಾದರೂ ಮನೆಯಲ್ಲಿ ಎಷ್ಟು ಮಾತಾಡಿದ್ದೇನೆ? ಒಳಗೆ ಕಾಲಿಟ್ಟವನೇ ಧೈರ್ಯ ಮಾಡಿ, “ಊಟ ಆಯ್ತಾ ಚಿನ್ನ?” ಎಂದೆ.

ನನ್ನಾಕೆ ಸೌಟು ಹಿಡಿದೇ ತಿರುಗಿದಳು. “ಮದುವೆಯಾದಾಗಿನಿಂದ ಇಲ್ದಿದ್ದು ಇವತ್ತೇನ್ರೀ? ಯಾವ ಕಂಪ್ಯೂಟರ್ ಅಂಗಡೀಲಿ ಕಲಿತು ಬಂದ್ಬುಟ್ರಿ?” ಎನ್ನುತ್ತ ಚೀಲಕ್ಕೆ ಕೈಹಾಕಿದಳು.

ಅವಳ ಕೈಗೆ ಬಂದ ಮೇಲಿನ ಹಾಳೆಯಲ್ಲೇ ಅದೇ ಮಾತಿತ್ತು. ಊರಿಗೆಲ್ಲ ಅರ್ಜಿ ಟೈಪ್ ಮಾಡಿಕೊಟ್ಟ ನನಗೆ ಆಗ ಒಂದು ವಾಕ್ಯವೂ ಹೊಳೆಯಲಿಲ್ಲ; ಹುಟ್ಟಾ ಮೌನಿಯ ಹಾಗೆ ನಿಂತುಬಿಟ್ಟೆ.