ಹೊಗೆಯಡಿಯಲ್ಲಿ ಒಣಗದ ಚಟ್ಲಿ

ತಮಗೆ ಅರ್ಥವಾಗದ್ದನ್ನು ಮಕ್ಕಳಿಗೆ ಅರ್ಥಮಾಡಿಸುವ ವಿದ್ಯೆಯೊಂದು ಮೇಷ್ಟ್ರುಗಳಿಗೆ ಒಲಿದಿರುತ್ತದೆ. ನಾವುಂದದಲ್ಲಿ ಇಷ್ಟು ವರ್ಷ ವಿಜ್ಞಾನ ಹೇಳಿಕೊಟ್ಟ ನಾನು ಅದರಲ್ಲಿ ಪಳಗಿದವನು. ಆದರೆ ಕುಂದಾಪುರದಲ್ಲಿ ಶಿಕ್ಷಕರ ಸಭೆಯಲ್ಲಿ ದೊಡ್ಡ ಶಹರಗಳ ಹೊಗೆಮಂಜಿನ ಬಗ್ಗೆ ಮಾತಾಡಬೇಕೆಂದಾಗ ಬೆವರಿದೆ. ಮಕ್ಕಳಾದರೆ ಸುಮ್ಮನಿರುತ್ತಾರೆ, ಮೇಷ್ಟ್ರುಗಳು ಪ್ರಶ್ನೆ ಕೇಳುತ್ತಾರೆ. ವಾಹನಗಳು ಉಗುಳುವ ಅನಿಲ ಬಿಸಿಲಿಗೆ ಬೆಂದು ಓಝೋನ್ ಆಗುತ್ತದೆ, ನೆಲದ ಹತ್ತಿರ ಅದು ಎದೆಗೆ ಕೆಟ್ಟದ್ದು ಎಂಬುದು ಗೊತ್ತಿತ್ತು. ಆದರೆ ಗಾಳಿಯ ದೂಳು ಕಡಿಮೆ ಮಾಡಿದ ಕೆಲವು ಕಡೆ ಓಝೋನ್ ಹೆಚ್ಚಿತಂತೆ. ಒಳ್ಳೆಯದು ಮಾಡಿದರೆ ಕೆಟ್ಟದ್ದಾಗುವುದು ಹೇಗೆ? ಪುಸ್ತಕ ಮೂರು ಸಲ ಓದಿದರೂ ತಲೆಗೆ ಹತ್ತಲಿಲ್ಲ.

ತಲೆಬಿಸಿಯಾದರೆ ನಾನು ಅಂಗಳ ಗುಡಿಸುತ್ತೇನೆ. ಭಾಷಣದ ಹಿಂದಿನ ದಿನ ತರಗೆಲೆ ರಾಶಿ ಹಾಕಿ ಬೆಂಕಿ ಕೊಟ್ಟೆ. ಹೊಗೆಯ ವಿರುದ್ಧ ಮಾತಾಡಲು ಹೊರಟವನ ತಯಾರಿ ಅದು. ಪಕ್ಕದ ಅಂಗಳದಲ್ಲಿ ಅಣ್ಣನ ಹೆಂಡತಿ ಗಿರಿಜತ್ತಿಗೆ ಗಂಗೊಳ್ಳಿಯಿಂದ ತಂದ ಚಟ್ಲಿ, ಅಂದರೆ ಸೀಗಡಿ, ಒಣಹಾಕಿದ್ದರು. ಒಣಮೀನು ಮಾರುವುದೇ ಅವರ ಕಸುಬು.

"ಹ್ವಾಯ್ ಮೇಷ್ಟ್ರೆ, ನಿಮ್ ಹೊಗಿ ಬಿಸ್ಲ್ ತಿಂತ್ ಕಾಣಿ. ಮಧ್ಯಾಹ್ನ ಆಯ್ತ್, ಚಟ್ಲಿ ಇನ್ನೂ ಹಸಿ."

"ಬಿಸ್ಲ್ ಇತ್ತಲ್ದಾ ಅತ್ಗಿ?"

"ಕಣ್ಣಿಗ್ ಇತ್ತ್, ಚಟ್ಲಿಗ್ ಇಲ್ಲ. ಹೊಗಿ ಅಂದ್ರೆ ಮೇಲ್ ಕೊಡಿ ಹಿಡ್ದಂಗೆ. ಅದ್ ಹೋದ್ರೆ ಬಿಸ್ಲ್ ಪೂರಾ ಬತ್ತ್, ಅಡಿಗ್ ಇದ್ದದ್ದೆಲ್ಲ ಒಣ್ಗತ್ತ್."

ಅಂಗಳ ಗುಡಿಸುತ್ತಿದ್ದ ನನ್ನ ಕೈಯ ಹಿಡಿಸೂಡಿ ನಿಂತಿತು. ದೂಳು ಒಂದು ಕೊಡೆ. ಅನಿಲವನ್ನು ಹಾಗೆಯೇ ಬಿಟ್ಟು ಕೊಡೆಯೊಂದನ್ನೇ ತೆಗೆದರೆ ಬಿಸಿಲು ಪೂರಾ ಬಿದ್ದು ಓಝೋನ್ ಹೆಚ್ಚುತ್ತದೆ. ದೂಳಿನ ಆಟ ಇಷ್ಟೇ ಅಲ್ಲ, ಆದರೂ ನನಗೆ ದಾರಿ ಸಿಕ್ಕಿತು.

"ಹಂಗಾರೆ ಹೊಗಿ ಇದ್ರೇ ಒಳ್ಳೇದಾ?" ಎಂದೆ.

"ಎಂತ ಮಾತ್ ಅದ್? ಹೊಗಿಗ್ ನಾವ್ ಕೆಮ್ಮುದಿಲ್ಯಾ? ಒಣ್ಗುದ್ ಬ್ಯಾಡ ಅಂದ್ರೆ ಹೊಗಿ ಹಾಕುದಲ್ಲ, ಚಟ್ಲಿಯನ್ನೇ ಹರ್ಡುಕಾಗ."

ಒಣಗುವುದು ಬೇಡವಾದರೆ ಚಟ್ಲಿಯನ್ನೇ ಹರಡಬಾರದು. ನನ್ನ ಲೆಕ್ಕದಲ್ಲಿ ಚಟ್ಲಿಯೆಂದರೆ ಅನಿಲ, ಅಂದರೆ ದೂಳಿನ ಜೊತೆಗೆ ಅದನ್ನೂ ತಗ್ಗಿಸಬೇಕು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರು ಚಟ್ಲಿ ಮಗುಚುತ್ತಲೇ ಇಷ್ಟನ್ನೂ ಹೇಳಿಬಿಟ್ಟರು. ಅವರ ಮೇಲೆ ನನಗೆ ಹೊಟ್ಟೆಕಿಚ್ಚಾಗುವಷ್ಟು ಗೌರವ ಹುಟ್ಟಿತು. ಮೊದಲು ಬೆಂಕಿಗೆ ನೀರು ಹೊಯ್ದೆ.

ಮರುದಿನ ಅದನ್ನೇ ಹೇಳಿದೆ, ಸಭೆ ತಲೆದೂಗಿತು. ಬ್ರಹ್ಮಾವರದ ಮೇಡಂ ಒಬ್ಬರು, "ಈ ಉದಾಹರಣೆ ಎಲ್ಲಿ ಸಿಕ್ಕಿತು ಸಾರ್?" ಎಂದರು. ನನ್ನ ಬಾಯಿ ನನ್ನನ್ನು ಕೇಳದೆ, "ಹೀಗೇ ಹೊಳೆಯಿತು" ಎಂದುಬಿಟ್ಟಿತು. ಸಂಜೆ ಅತ್ತಿಗೆಯ ಹತ್ತಿರ, ನಿಮ್ಮ ಹೆಸರು ಹೇಳಿಯೇ ಮಾತಾಡಿದೆ ಎಂದು ಇನ್ನೊಂದು ಸುಳ್ಳು ಬಿಟ್ಟೆ. ಅವರಿಗೆ ಗಾಬರಿಯಾಯಿತು.

"ನನ್ ಹೆಸ್ರ್ ಎಂತಕ್ಕೆ ಹೇಳುಕ್ ಹೋದ್ರಿ? ಒಣ್ಮೀನ್ ಮಾರುವಳ್ ಹೇಳದ್ದ್ ಅಂದ್ರೆ ನಿಮ್ ಮಾತ್ ಯಾರ್ ಕೇಂತ್ರ್?"

ನಾಚಿಕೆಯಾಗಿ ಆ ರಾತ್ರಿಯೇ ಬರೆಯಲು ಕುಳಿತೆ. ತಪ್ಪೊಪ್ಪಿಕೊಳ್ಳಲೆಂದೇ ಇದನ್ನು ಬರೆದಿದ್ದೇನೆ. ಕೊಡೆಯ ಮಾತನ್ನೆಲ್ಲ ಹೇಳಿದವರು ಗಿರಿಜತ್ತಿಗೆಯೇ. ಲೇಖಕರ ಜಾಗದಲ್ಲಿ ಮಾತ್ರ ನನ್ನ ಹೆಸರನ್ನೇ ಹಾಕಿ ಪತ್ರಿಕೆಗೆ ಕಳಿಸುತ್ತಿದ್ದೇನೆ.