ಕವಚದ ಅಳತೆ

ನನ್ನ ಹೆಂಡತಿಗೆ ನನ್ನ ಕಲೆಯ ಮೇಲೆ ಗೌರವವಿಲ್ಲ. ಇಷ್ಟು ವರ್ಷ ಸಹಿಸಿದ್ದೇನೆ, ಇರಲಿ. ಆದರೆ ಮಗಳ ಎದುರು ಹಾಗೆ ಹೇಳಬಾರದಿತ್ತು.

ನಾನು ಕಟ್ಟಡಗಳ ನಕ್ಷೆ ಬರೆಯುವವನು. ಅದನ್ನೇ ನಂಬಿ ಮಗಳು, "ನಮ್ಮಪ್ಪ ಏನು ಬೇಕಾದ್ರೂ ಬರೀತಾರೆ" ಎಂದು ತರಗತಿಯಲ್ಲೆಲ್ಲ ಕೊಚ್ಚಿಕೊಂಡು ಬಂದಿದ್ದಳು. ಟೀಚರು ಕೇಳಿದ್ದೇನು? ಅಡಿಯಿಂದ ಮುಡಿವರೆಗೆ ಉಕ್ಕಿನ ಕವಚ ತೊಟ್ಟ ವೀರ, ಅವನ ಕೆಳಗೊಂದು ದಪ್ಪನೆಯ ಯುದ್ಧದ ಕುದುರೆ. ನಿಜದಂತೆಯೇ ಕಾಣಬೇಕು, ಸೋಮವಾರ ತರಗತಿಯ ಗೋಡೆ ಏರಬೇಕು. ಮಗಳ ಮಾನ ನನ್ನ ಪೆನ್ಸಿಲ್ಲಿನ ತುದಿಯಲ್ಲಿತ್ತು.

ಭಾನುವಾರ ಬೆಳಿಗ್ಗೆ ಸ್ಕೇಲು, ಕೈವಾರ ಹಿಡಿದು ಎರಡು ಗಂಟೆ ಏಕಾಗ್ರಚಿತ್ತನಾಗಿ ಅಶ್ವನಿರ್ಮಾಣ ಮಾಡಿದೆ. (ನಾಲ್ಕು ಕಾಲೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲದೆ ಸಮಾನ ಅಂತರದಲ್ಲಿದ್ದವು.) ಹೆಂಡತಿ ಹೊಲಿಗೆ ಯಂತ್ರ ನಿಲ್ಲಿಸಿ ಬಂದು ಇಣುಕಿದಳು. ಬೀದಿಗೆಲ್ಲ ಬಟ್ಟೆ ಹೊಲಿಯುವವಳ ಕಣ್ಣು ಅದು.

"ರೀ, ನೀರಿನ ಟ್ಯಾಂಕು ಚೆನ್ನಾಗಿದೆ. ಮೇಲೆ ಯಾರು ಕೂತಿರೋದು, ತೊಳೆಯೋನಾ?"

"ಅದು ಕುದುರೆ ಕಣೇ!"

"ಸರಿ ಹೋಯ್ತು. ಇವನ ಕವಚದಲ್ಲಿ ಮೊಣಕಾಲು ಮಡಚೋಕೆ ಜಾಗ ಎಲ್ಲಿ? ಕುದುರೆ ಇರಲಿ, ಕುರ್ಚಿ ಮೇಲೂ ಕೂರೋಕಾಗಲ್ಲ ಪಾಪ."

ಮಗಳು ಚಿತ್ರ ನೋಡಿದಳು, ನನ್ನನ್ನು ನೋಡಿದಳು. "ಪರವಾಗಿಲ್ಲಪ್ಪಾ" ಎಂದಳು. ಆ ಸಣ್ಣ ದನಿ ಕೇಳಿದ್ದೇ ನಾನು ಸ್ಕೇಲು, ಕೈವಾರ ಪಕ್ಕಕ್ಕಿಟ್ಟೆ.

"ಎದುರಿಗಿಟ್ಟು ನೋಡಿ ಬರೆದರೆ ನಿಜದಂತೆ ಬರುತ್ತೆ. ನೀನು ರಟ್ಟಿನಲ್ಲಿ ಕವಚ ಮಾಡು, ನಾನು ತೊಟ್ಟು ಕನ್ನಡಿ ಮುಂದೆ ಕೂತು ಬರೀತೀನಿ" ಎಂದು ಹೆಂಡತಿಗೆ ಘೋಷಿಸಿದೆ.

ಅವಳು ಟೇಪು ತಂದಳು. "ನೆಟ್ಟಗೆ ನಿಲ್ಲಿ, ಹೊಟ್ಟೆ ಅಳೀಬೇಕು."

"ಅಳೆಯೋದೇನಿದೆ? ನನ್ನ ಮದುವೆ ಕೋಟು ಹೊಲಿದವಳು ನೀನೇ ತಾನೆ? ಅಳತೆ ನಿನ್ನ ಪುಸ್ತಕದಲ್ಲೇ ಇದೆ. ನಾನೇನು ಬದಲಾಗಿದ್ದೀನಾ?"

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು, ಟೇಪು ಸುತ್ತಿಟ್ಟಳು. (ಹೆಂಡತಿ ಸುಮ್ಮನಿದ್ದಾಗ ಎಚ್ಚರವಾಗಿರಬೇಕು. ನಾನು ಹಾಗಿರಲಿಲ್ಲ.)

ಹನ್ನೆರಡು ವರ್ಷ ಹಳೆಯ ಆ ಪುಟ ನೋಡಿ ಅವಳು ಕವಚ ಕತ್ತರಿಸಿದಳು. ಮೊಣಕಾಲಿಗೆ ಮಡಿಕೆ, ಕಂಕುಳಿಗೆ ಸಡಿಲ, ಮೇಲೆ ಬೆಳ್ಳಿ ಬಣ್ಣದ ಕಾಗದ. ತೊಡಲು ಹೋದರೆ ಎದೆಕವಚದ ಅಂಚುಗಳೆರಡೂ ನನ್ನ ಹೊಟ್ಟೆಯ ಆಚೆ ದಡ ಈಚೆ ದಡದಲ್ಲಿ ನಿಂತುಬಿಟ್ಟವು. ಮಗಳು ಹಿಂದಿನಿಂದ ಎಳೆದಳು, ಹೆಂಡತಿ ಮುಂದಿನಿಂದ ಒತ್ತಿದಳು. ದಾರ ಪಟ್ಟೆಂದು ಕಿತ್ತು ಬಂತು.

"ಮಾಡಿದ್ದು ದಂಡ ಆಗಬಾರದು" ಎಂದು ಹೆಂಡತಿ ಹೊಸ ದಾರ ಹಾಕಿ ತಾನೇ ತೊಟ್ಟಳು. ಹೇಳಿ ಮಾಡಿಸಿದಂತೆ ಕೂತಿತು. ಬಟ್ಟೆ ಅಳೆಯುವ ಕೋಲನ್ನು ಭರ್ಜಿಯಂತೆ ಹಿಡಿದು, "ವೀರ ಸಿಕ್ಕಿದ. ಕುದುರೆ ಎಲ್ಲಿ?" ಎಂದಳು.

"ಟೀಚರು ದಪ್ಪಗಿರೋದೇ ಬೇಕು ಅಂದಿದ್ದಾರೆ" ಎಂದು ಮಗಳು ನನ್ನ ಕಡೆ ತಿರುಗಿದಳು.

ನಾನು ಮಂಡಿಯೂರಿದೆ. ಬೆನ್ನ ಮೇಲೆ ಕಂಬಳಿ ಬಿತ್ತು, ಅದರ ಮೇಲೆ ಶ್ರೀಮತಿಯವರ ಆರೋಹಣವಾಯಿತು. ಎರಡೂ ಕೈ ನೆಲದಲ್ಲಿದ್ದುದರಿಂದ ನನ್ನ ಪೆನ್ಸಿಲು ಮಗಳ ಪಾಲಾಯಿತು.

"ಅಮ್ಮಾ, ಕುದುರೆ ಗೊಣಗ್ತಿದೆ!"

ಹೆಂಡತಿ ಬಗ್ಗಿ ನನ್ನ ಕತ್ತು ಸವರಿದಳು. ಸುಳ್ಳು ಯಾಕೆ ಹೇಳಲಿ, ಸೊಂಟ ಮುರಿಯುತ್ತಿದ್ದರೂ ಹಿತವಾಗಿತ್ತು.

ಸೋಮವಾರ ಸಂಜೆ ಅದೇ ಸೊಂಟ ಹಿಡಿದುಕೊಂಡು ಮಗಳನ್ನು ಕರೆತರಲು ಹೋದೆ. ಚಿತ್ರ ಗೋಡೆಯ ನಟ್ಟನಡುವೆ ರಾರಾಜಿಸುತ್ತಿತ್ತು.

"ನಿಮ್ಮ ಮಗಳ ಕುದುರೆಗೆ ಜೀವ ಇದೆ ಸಾರ್. ಆ ಕಣ್ಣಲ್ಲಿ ಎಂಥ ತಾಳ್ಮೆ!" ಎಂದ ಟೀಚರು ಒಮ್ಮೆಲೇ ಮಾತು ನಿಲ್ಲಿಸಿ ನನ್ನ ಮುಖವನ್ನೇ ದಿಟ್ಟಿಸಿದರು. "ನಿಮ್ಮನ್ನ ಎಲ್ಲೋ ನೋಡಿದ ಹಾಗಿದೆಯಲ್ಲಾ?"

ಮಗಳು ಹೆಮ್ಮೆಯಿಂದ ನನ್ನ ಕೈ ಹಿಡಿದಳು.

"ನಮ್ಮಪ್ಪ, ಮಿಸ್. ಏನು ಬೇಕಾದ್ರೂ ಆಗ್ತಾರೆ."